ಹಿಂತೆಗೆದ ಅರ್ಜಿ, ಉಳಿದ ಪ್ರಶ್ನೆ

ಕೃಷ್ಣೆ-ಭೀಮೆಯರ ನಡುವಣ ಸಗರನಾಡಿನಲ್ಲಿ ಸರ್ಕಾರಿ ನೌಕರಿಯ ಆದೇಶಪತ್ರಕ್ಕೆ ಸಲ್ಲುವ ಗೌರವ ಬೇರೆ ಯಾವ ಕಾಗದಕ್ಕೂ ಸಲ್ಲುವುದಿಲ್ಲ. ಮುಗಿಲನ್ನು ನೋಡಿ ಜೋಳ, ತೊಗರಿ, ಹತ್ತಿ ಬಿತ್ತುತ್ತ ಬಂದ ಮನೆತನಗಳಿಗೆ ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳವೆಂದರೆ ಎಂದೂ ಬತ್ತದ ಬಾವಿಯಿದ್ದಂತೆ. ಕೊಂಕಲ್ಲಿನ ಮನೆಯ ಹೆಣ್ಣುಮಗಳೊಬ್ಬಳಿಗೆ ಅಂಥ ಆದೇಶ ಬಂದಿತೆಂದರೆ ಅದು ಮೊದಲು ದೇವರ ಜಗುಲಿಯನ್ನೇರುತ್ತದೆ. ಆಮೇಲೆ ಓಣಿಗೆಲ್ಲ ಸಕ್ಕರೆ ಹಂಚಲಾಗುತ್ತದೆ. ಬಸ್ಸು ಹತ್ತುವ ದಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೈಗೊಂದು ನೋಟು ಕೊಟ್ಟು, “ಮೇಲಿನವರ ಕೂಡ ಎದುರು ಮಾತಾಡಬ್ಯಾಡವ್ವಾ, ನೌಕರಿ ಜ್ವಾಕಿ” ಎಂದು ಹೇಳುತ್ತಾಳೆ.

ಆ ಮಾತಿನಲ್ಲಿ ಹಲವು ತಲೆಮಾರುಗಳ ಅನುಭವವಿದೆ. ಆದರೆ ಅದರಲ್ಲಿಯೇ ಒಂದು ಕಠಿಣವಾದ ಗಂಟೂ ಇದೆ. ಆ ಹೆಣ್ಣುಮಗಳು ಹತ್ತಾರು ವರ್ಷ ನಿಷ್ಠೆಯಿಂದ ದುಡಿದ ಮೇಲೆ, ತನಗಿಂತ ಕಿರಿಯರಾದವರು ತನ್ನನ್ನು ದಾಟಿ ಮೇಲಿನ ಹುದ್ದೆಗೆ ಹೋದರೆಂದೂ, ಕಾರಣ ಕೇಳಿದರೆ “ಹೆಣ್ಣುಮಕ್ಕಳಿಗೆ ಆ ತಿರುಗಾಟ ಆಗಿಬರುವುದಿಲ್ಲ” ಎಂಬ ಉತ್ತರ ದೊರೆಯಿತೆಂದೂ ಭಾವಿಸಬಹುದು. ಅವಳು ಲಿಖಿತವಾಗಿ ದೂರು ಸಲ್ಲಿಸುತ್ತಾಳೆ. ಅಂದಿನಿಂದ ಕಛೇರಿಯ ಗಾಳಿಯೇ ಬದಲಾಗುತ್ತದೆ. ಜೊತೆಗೆ ಚಹಾ ಕುಡಿಯುತ್ತಿದ್ದವರು ಕಡತದಲ್ಲಿ ಮುಖ ಹುದುಗಿಸುತ್ತಾರೆ. ಹಿತೈಷಿಯೊಬ್ಬರು ಬಂದು, “ಅಕ್ಕಾರ, ಬಿಟ್ಟುಬಿಡ್ರಿ, ದೂರ ವರ್ಗ ಮಾಡಿದರ ಮಕ್ಕಳ ಸಾಲಿ ಏನು ಮಾಡ್ತೀರಿ?” ಎನ್ನುತ್ತಾರೆ. ಊರಿನಿಂದ ತಂದೆಯ ಮಾತೂ ಅದೇ. ಕೊನೆಗೊಂದು ದಿನ, ‘ನನ್ನ ದೂರನ್ನು ಸ್ವಇಚ್ಛೆಯಿಂದ ಹಿಂದಕ್ಕೆ ಪಡೆದಿದ್ದೇನೆ’ ಎಂದು ಎರಡು ಸಾಲು ಬರೆದು ರುಜು ಹಾಕುತ್ತಾಳೆ. ಆ ‘ಸ್ವಇಚ್ಛೆ’ ಎಂಬ ಪದವನ್ನು ಬರೆಯುವಾಗ ಕೈ ಎಷ್ಟು ನಡುಗಿತೆಂಬುದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ತಿಂಗಳುಗಳು ಕಳೆದರೂ ಮನಸ್ಸು ಒಪ್ಪುವುದಿಲ್ಲ. ಮೇಲ್ಮನವಿ ಸಲ್ಲಿಸಬೇಕೆಂಬ ಆಸೆ ಮೂಡುತ್ತದೆ. ಹಿಂತೆಗೆದುಕೊಂಡವಳಿಗೆ ಮತ್ತೆ ಕೇಳುವ ಹಕ್ಕು ಉಳಿದಿರುತ್ತದೆಯೇ? ಕೇಳಿದರೆ ಅದು ಚಂಚಲತೆಯೇ, ಧೈರ್ಯವೇ?

ಈ ಪ್ರಶ್ನೆಗೆ ಉತ್ತರ ಅರಸುವವರು ಕನ್ನಡ ನಾಡಿನವರೇ ಆದ ಚೋಣಿರ ಬೆಳ್ಳಿಯಪ್ಪ ಮುತ್ತಮ್ಮನವರ ಬಾಳನ್ನು ಒಮ್ಮೆ ನೋಡಬೇಕು. ಅವರು 1924ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಗೆ ಪರೀಕ್ಷೆಯ ಮೂಲಕ ಬಂದ ಮೊದಲ ಮಹಿಳೆ ಅವರೇ.

ಆದರೆ ಆ ಬಾಗಿಲು ಪೂರ್ತಿಯಾಗಿ ತೆರೆದಿರಲಿಲ್ಲ. ಸಂದರ್ಶನದಲ್ಲಿಯೇ ವಿದೇಶಾಂಗ ಸೇವೆ ಬೇಡವೆಂದು ತಮ್ಮ ಮನವೊಲಿಸುವ ಯತ್ನ ನಡೆಯಿತೆಂದೂ, ಮದುವೆಯಾದರೆ ರಾಜೀನಾಮೆ ಕೊಡುವೆನೆಂಬ ಮುಚ್ಚಳಿಕೆ ಬರೆದುಕೊಡಬೇಕಾಯಿತೆಂದೂ ಅವರು ಮುಂದೆ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಹೇಳಿಕೊಂಡರು. 1961ರ ಸೇವಾ ನಿಯಮಗಳೂ ಅದೇ ಮನೋಧರ್ಮದವು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ಮದುವೆಯ ನಂತರ ರಾಜೀನಾಮೆ ಕೇಳಬಹುದು. ವಿವಾಹಿತ ಮಹಿಳೆಗೆ ನೇಮಕಾತಿ ಹಕ್ಕಾಗಿ ದೊರೆಯತಕ್ಕದ್ದಲ್ಲ. ಗಂಡಸಿಗೆ ಇಂಥ ಯಾವ ಕಟ್ಟಳೆಯೂ ಇರಲಿಲ್ಲ. ಅವನಿಗೂ ಸಂಸಾರವಿರುತ್ತದೆ ಎಂಬುದು ನಿಯಮ ರಚಿಸಿದವರಿಗೆ ಹೊಳೆಯಲಿಲ್ಲವೋ ಏನೋ! ಸಾರ್ವಜನಿಕ ನೌಕರಿಯಲ್ಲಿ ಲಿಂಗಭೇದವಿಲ್ಲದೆ ಸಮಾನ ಅವಕಾಶವಿರಬೇಕೆಂದು ಸಾರುವ ಸಂವಿಧಾನದ 16ನೆಯ ಅನುಚ್ಛೇದ 1950ರಿಂದಲೇ ಜಾರಿಯಲ್ಲಿತ್ತು. ಹೀಗಿದ್ದೂ ಅದರ ನೆರಳಿನಲ್ಲಿಯೇ ಈ ನಿಯಮಗಳು ಬಾಳಿದವು.

ಮುತ್ತಮ್ಮನವರು 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ಸೇವೆಯ ಮೊದಲನೆಯ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅರ್ಹತೆ ಸಾಲದೆಂದು ಅವರನ್ನು ಬಿಡಲಾಯಿತು. ಅವರು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿ ವಿಚಾರಣೆಯಲ್ಲಿದ್ದಾಗಲೇ ಸರ್ಕಾರದ ಅಭಿಪ್ರಾಯ ಬದಲಾಯಿತು. ಕೆಲವೇ ತಿಂಗಳ ಹಿಂದೆ ಸಾಲದೆಂದಿದ್ದ ಅರ್ಹತೆ ಈಗ ಸಾಕೆನಿಸಿತು, ಬಡ್ತಿ ದೊರೆಯಿತು, ನೆದರ್‌ಲ್ಯಾಂಡ್ಸಿನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಕವೂ ಆಯಿತು.

ಇಲ್ಲಿಯೇ ಈ ಪ್ರಸಂಗದ ಮರ್ಮವಿದೆ. ಬೇಡಿದ್ದು ದೊರೆತ ಮೇಲೆ ಇನ್ನು ವ್ಯಾಜ್ಯವೇಕೆ ಎಂದು ಲೋಕ ಕೇಳುತ್ತದೆ. ಮುತ್ತಮ್ಮನವರು ಅಂದು ಕೃತಜ್ಞತೆ ಹೇಳಿ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ. ಆದರೆ ಅವರ ಅರ್ಜಿ ತೀರ್ಪಿನವರೆಗೂ ನಿಂತಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಸಿಂಘಾಲ್ ಅವರ ಪೀಠ ತೀರ್ಪು ನೀಡಿತು. ಬಡ್ತಿ ದೊರೆತಿರುವುದರಿಂದ ಅರ್ಜಿ ವಜಾ ಆಯಿತು. ಆದರೆ ವಜಾ ಆದದ್ದು ಅರ್ಜಿಯೇ ಹೊರತು ಸಮಸ್ಯೆಯಲ್ಲ ಎಂಬುದನ್ನು ಪೀಠ ಸ್ಪಷ್ಟಪಡಿಸಿತು. ನಡುವಣ ತಿಂಗಳುಗಳಲ್ಲಿ ಕಿರಿಯ ಅಧಿಕಾರಿಗಳು ಮುಂದೆ ಹೋಗಿದ್ದರಿಂದ, ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದು ಸೂಚಿಸಿತು. ಒಬ್ಬೊಬ್ಬರೂ ನ್ಯಾಯಾಲಯಕ್ಕೆ ಬರುವವರೆಗೆ ಕಾಯದೆ ಸರ್ಕಾರವೇ ತನ್ನ ಸೇವಾ ನಿಯಮಗಳಿಂದ ಲಿಂಗಭೇದದ ಕಲೆಯನ್ನು ತೊಳೆಯಬೇಕೆಂದು ಹೇಳಿತು. ನೇಮಕಾತಿಯ ನಿಯಮ 1973ರಲ್ಲಿಯೇ ರದ್ದಾಗಿದೆಯೆಂದೂ, ಮದುವೆಯ ನಿಯಮವನ್ನು ತೆಗೆದುಹಾಕಲಾಗುತ್ತಿದೆಯೆಂದೂ ಸರ್ಕಾರ ಪ್ರಮಾಣಪತ್ರದಲ್ಲಿ ಒಪ್ಪಿಕೊಂಡಿತು. ಎರಡು ವರ್ಷಗಳ ನಂತರ, 1981ರಲ್ಲಿ, ಗಗನಸಖಿಯರು ಮೊದಲ ಬಾರಿ ಗರ್ಭಿಣಿಯಾದೊಡನೆ ನೌಕರಿ ಕಳೆದುಕೊಳ್ಳಬೇಕೆಂಬ ಏರ್ ಇಂಡಿಯಾ ನಿಯಮವನ್ನು ಅದೇ ನ್ಯಾಯಾಲಯ ತಳ್ಳಿಹಾಕಿತು.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಮುತ್ತಮ್ಮನವರು ಸೋತ ಅರ್ಜಿದಾರರು. ಆದರೆ ಆ ಸೋಲಿನ ತೀರ್ಪನ್ನು ಇಂದಿಗೂ ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ. ಸದ್ದಿಲ್ಲದೆ ಹಿಂತೆಗೆದ ಅರ್ಜಿ ಒಬ್ಬರ ನೋವನ್ನು ಶಮನಗೊಳಿಸಬಹುದು. ಹಿಂದೆ ಬರುವವರಿಗೆ ಅದು ಒಂದು ಗೆರೆಯನ್ನೂ ಬರೆದಿಡುವುದಿಲ್ಲ. ಕೊನೆಯವರೆಗೆ ನಿಂತ ಅರ್ಜಿ ವಜಾ ಆದರೂ ದಾರಿಯ ಕಲ್ಲಾಗಿ ಉಳಿಯುತ್ತದೆ.

ಹಾಗೆಂದ ಮಾತ್ರಕ್ಕೆ ಹಿಂತೆಗೆದವರೆಲ್ಲ ಹೇಡಿಗಳೆಂದಲ್ಲ. ರಾಯಭಾರಿಗೆ ಇದ್ದ ಬಲ ಗುಮಾಸ್ತೆಗೆ ಇರುವುದಿಲ್ಲ. ಆದ್ದರಿಂದ ಧೈರ್ಯದ ಉಪದೇಶಕ್ಕಿಂತ ದಾರಿಯ ಜ್ಞಾನ ಹೆಚ್ಚು ಉಪಕಾರಿ. ಇಲಾಖೆಯೊಳಗಿನ ಮನವಿಯನ್ನು ಹಿಂತೆಗೆಯುವುದು ಬೇರೆ, ನ್ಯಾಯಾಲಯದ ಮುಂದಿರುವ ಅರ್ಜಿಯನ್ನು ಹಿಂತೆಗೆಯುವುದು ಬೇರೆ. ಉಚ್ಚ ನ್ಯಾಯಾಲಯದ ರಿಟ್ ಅರ್ಜಿಯನ್ನು, ಮತ್ತೆ ಸಲ್ಲಿಸುವ ಅನುಮತಿ ಪಡೆಯದೆ ಹಿಂತೆಗೆದವರು ಅದೇ ಕಾರಣಕ್ಕೆ ಅಲ್ಲಿ ಮತ್ತೊಂದು ರಿಟ್ ಅರ್ಜಿ ಸಲ್ಲಿಸಲಾಗದೆಂದು 1986ರ ಸರ್ಗುಜಾ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದುದರಿಂದ ಹಿಂತೆಗೆಯಲೇಬೇಕಾದಾಗ ಆ ಅನುಮತಿಯ ಒಂದು ಸಾಲನ್ನು ಆದೇಶದಲ್ಲಿ ಬರೆಸಿಕೊಳ್ಳುವುದು ವಿವೇಕ.

ಕರ್ನಾಟಕದ ಸರ್ಕಾರಿ ನೌಕರರ ಸೇವಾ ವಿವಾದಗಳಿಗಾಗಿ 1986ರಲ್ಲಿ ರಾಜ್ಯ ಆಡಳಿತ ನ್ಯಾಯಮಂಡಳಿ ಆರಂಭವಾಯಿತು. ಈ ಭಾಗದವರಿಗೆ ಕಲಬುರಗಿಯಲ್ಲಿಯೂ ಅದರ ಪೀಠವಿದೆ. 1985ರ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮದಂತೆ ಮೊದಲು ಇಲಾಖೆಯೊಳಗಿನ ಮೇಲ್ಮನವಿಯ ದಾರಿಯನ್ನು ಹಿಡಿಯಬೇಕು. ಅಲ್ಲಿ ಅಂತಿಮ ಆದೇಶವಾದರೆ, ಆ ದಿನದಿಂದ ಒಂದು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದಂದಿನಿಂದ ಒಂದು ವರ್ಷ. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರವೂ ಅದಕ್ಕಿದೆ. ಆದರೆ ಮತ್ತೆ ಮತ್ತೆ ಮನವಿ ಬರೆಯುತ್ತ ಕುಳಿತ ಮಾತ್ರಕ್ಕೆ ಅವಧಿ ಬೆಳೆಯುವುದಿಲ್ಲವೆಂದು 1989ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ನಿರ್ಣಯಿಸಿತು. ‘ನೋಡೋಣ, ಮಾಡೋಣ’ ಎಂಬ ಮೇಲಧಿಕಾರಿಯ ಮಾತನ್ನು ನಂಬಿ ಕಾಲ ಕಳೆದವರೇ ಹೆಚ್ಚು ನಷ್ಟಕ್ಕೊಳಗಾಗುತ್ತಾರೆ. ಗಡಿಯಾರಕ್ಕೆ ದಾಕ್ಷಿಣ್ಯವಿಲ್ಲ.

ಇಷ್ಟೆಲ್ಲ ಹೋರಾಟ ಶರಣಧರ್ಮಕ್ಕೆ ತಕ್ಕುದೇ, ಇದು ಪದವಿಯ ಆಸೆಯಲ್ಲವೇ ಎಂದು ಕೆಲವರು ಶಂಕಿಸಬಹುದು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಈ ನಾಡಿನ ಮಕ್ಕಳು ಬಲ್ಲರು. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳುಹಿಸಿದಳು. ತನ್ನದಲ್ಲದ ಹಿಡಿ ಅಕ್ಕಿ ಮನೆಗೆ ಬೇಡವೆಂಬುದು ಆ ತಾಯಿಯ ನಿಷ್ಠೆ. ಆ ನಿಷ್ಠೆಗೆ ಇನ್ನೊಂದು ಮುಖವೂ ಇದೆ. ಹೆಚ್ಚಾದುದನ್ನು ಮರಳಿಸಬಲ್ಲ ಕೈಗೆ ಮಾತ್ರವೇ ಕಡಿಮೆಯಾದುದನ್ನು ನಿರ್ಭಯವಾಗಿ ಕೇಳುವ ಅರ್ಹತೆಯಿರುತ್ತದೆ. ಕಾಯಕವನ್ನು ಪೂರ್ಣವಾಗಿ ಮಾಡಿದವರು ಅದರ ನ್ಯಾಯವಾದ ಫಲವನ್ನು ಕೇಳಿದರೆ ಅದು ಲೋಭವಾಗದು. ಸ್ತ್ರೀಯೆಂದು, ಕುಲಹೀನರೆಂದು ಯಾರನ್ನೂ ಹೊರಗಿಡದ ಶರಣರ ಗೋಷ್ಠಿಯನ್ನು ಹೆಮ್ಮೆಯಿಂದ ಸ್ಮರಿಸುವ ಜನ, ಕಛೇರಿಯ ಪಂಕ್ತಿಯಲ್ಲಿ ಭೇದವನ್ನು ಕಂಡು ಮೌನವಾಗಿದ್ದರೆ ಆ ಸ್ಮರಣೆ ಬರಿಯ ಬಾಯಿಮಾತಾಗುತ್ತದೆ.

ಮುತ್ತಮ್ಮನವರು 1982ರಲ್ಲಿ ನಿವೃತ್ತರಾದರು; 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಅನಾಥ ಮಕ್ಕಳ ಆಶ್ರಯಕ್ಕಾಗಿ ಮದರ್ ತೆರೇಸಾರವರ ಸಂಸ್ಥೆಗೆ ದಾನವಿತ್ತಿದ್ದರು. ತನಗೆ ಸಲ್ಲಬೇಕಾದುದನ್ನು ಸರ್ಕಾರದೊಡನೆ ವಾದಿಸಿ ಕೇಳಿದ ಕೈಯೇ ತನ್ನದಾದುದನ್ನು ಕೇಳದೆಯೇ ಕೊಟ್ಟಿತು.

ಕೊಂಕಲ್ಲಿನ ಬಸ್ಸು ನಿಲ್ಲುವಲ್ಲಿ ಇನ್ನು ಮುಂದೆಯೂ ಆದೇಶಪತ್ರ ಹಿಡಿದ ಹೆಣ್ಣುಮಕ್ಕಳು ನಿಲ್ಲುವರು; ಅಜ್ಜಿಯರು ಸೆರಗಿನ ಗಂಟು ಬಿಚ್ಚುವರು. “ನೌಕರಿ ಜ್ವಾಕಿ” ಎಂಬ ಮಾತು ಅಲ್ಲಿ ಇರಲಿ. ಅದರ ಜೊತೆಗೆ, “ಅನ್ಯಾಯ ಆದರ ಬರದು ಕೇಳವ್ವಾ, ಬರದದ್ದರ ಒಂದು ಪ್ರತಿ ಮನ್ಯಾಗ ಇಡು” ಎಂಬ ಇನ್ನೊಂದು ಮಾತೂ ಸೇರಿದರೆ, ಆ ಗಂಟಿನಿಂದ ಬಂದ ನೋಟಿಗಿಂತ ಅದು ಬಹುಕಾಲ ಬಾಳೀತು.