ಸುಳ್ಳು ಮೀನು

ನಮ್ಮ ಊರು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆಯ ದಂಡೆಯಲ್ಲಿದೆ. ಅಳಿವೆ ಅಂದರೆ ನದಿಯು ಸಮುದ್ರವನ್ನು ಸೇರುವ ಜಾಗ. ನಮ್ಮ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದ್ದಾರೆ ಎಂದು ಅಕ್ಕೋರು ಪಾಠದಲ್ಲಿ ಹೇಳಿದ್ದಾರೆ. ಆದರೆ ನಾನು ಈಗ ಬರೆಯುವುದು ಅದನ್ನಲ್ಲ. ಮೀನು ಹಿಡಿಯಲು ಹೋಗಿ ನಾನು ಮಾಡಿದ ಒಂದು ಕೆಲಸದ ಬಗ್ಗೆ ಬರೆಯುತ್ತೇನೆ.

ಮೀನು ಹಿಡಿಯುವುದು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೀಸುಬಲೆ ಇದೆ, ಗಾಳ ಇದೆ, ಜಂತ್ರಡಿ ಬಾಯಿಗೆ ಕಟ್ಟುವ ಬಲೆ ಇದೆ. ಗಾಳಕ್ಕೆ ನಾವು ಶೆಟ್ಲಿ ಚುಚ್ಚುತ್ತೇವೆ. ಆದರೆ ಹೋದ ದೀಪಾವಳಿಗೆ ನಮ್ಮ ದೊಡ್ಡಪ್ಪನ ಮಗ ಗೋವಾದಿಂದ ಬರುವಾಗ ಬೇರೆ ಥರದ ಗಾಳ ತಂದಿದ್ದ. ಅವನನ್ನು ನಾವು ದೊಡ್ಡಣ್ಣ ಎಂದು ಕರೆಯುತ್ತೇವೆ. ಅವನ ರಾಡ್ ನನಗಿಂತ ಸ್ವಲ್ಪ ಉದ್ದ, ತುದಿ ಹಿಡಿಕಡ್ಡಿಯಷ್ಟು ಸಪೂರ. ಅದಕ್ಕೆ ಒಂದು ಪುಟ್ಟ ರೀಲು. ರೀಲಿನಲ್ಲಿ ಹಳದಿ ದಾರ, ಹೊಲಿಗೆ ದಾರದಷ್ಟೇ ದಪ್ಪ. ಇದರಲ್ಲಿ ಮೀನು ಬರ್ತದಾ ಎಂದು ನಾನು ನಕ್ಕೆ. ಎಳೆದು ನೋಡು ಅಂದ. ಎಳೆದರೆ ಬೆರಳು ಕೊಯ್ಯಿತು, ದಾರ ಹರಿಯಲಿಲ್ಲ.

ಅವನ ಡಬ್ಬಿಯಲ್ಲಿ ಐದು ಪ್ಲಾಸ್ಟಿಕ್ ಮೀನುಗಳಿದ್ದವು. ಅವಕ್ಕೆ ಲೂರ್ ಎಂದು ಹೆಸರು. ನಮ್ಮ ಅಜ್ಜಿ ನೋಡಿ, "ಪ್ಲಾಸ್ಟಿಕ್ ತಿನ್ನೂಕೆ ಮೀನಿಗೆ ಹುಚ್ಚಾ? ಇದು ಸುಳ್ಳು ಮೀನು" ಅಂದಳು. ಅಂದಿನಿಂದ ಮನೆಯಲ್ಲಿ ಅದೇ ಹೆಸರಾಯಿತು. ಅದರಲ್ಲಿ ಒಂದು ಬಿಳಿ ಮೈ, ಕೆಂಪು ತಲೆಯದು. ಉದ್ದ ನನ್ನ ನಡುಬೆರಳಿನಷ್ಟು. ಹೊಟ್ಟೆಗೆ ಒಂದು, ಬಾಲಕ್ಕೆ ಒಂದು, ಮೂರು ಮೂರು ಮುಳ್ಳಿನ ಗಾಳ. ಬಾಯಿಯ ಕೆಳಗೆ ಪ್ಲಾಸ್ಟಿಕ್ ನಾಲಿಗೆ ಇದೆ. ದಾರ ಸುತ್ತಿದರೆ ನೀರು ಆ ನಾಲಿಗೆಗೆ ಬಡಿದು ಮೀನಿನ ತಲೆ ಕೆಳಗೆ ಹೋಗ್ತದೆ, ಮೈ ಅಲ್ಲಾಡ್ತದೆ. ಸುತ್ತುವುದು ನಿಲ್ಲಿಸಿದರೆ ತಾನೇ ತೇಲಿ ಮೇಲೆ ಬರ್ತದೆ. ನಮ್ಮಲ್ಲಿ ನೀರು ಮೂರು ನಾಲ್ಕು ಅಡಿ ಇರುವ ಜಾಗವೇ ಹೆಚ್ಚು, ಅಡಿಯಲ್ಲಿ ಚಿಪ್ಪು, ಕೋಲು, ಬೇರು. ಮುಳುಗುವ ಲೂರ್ ಹಾಕಿದರೆ ಮೊದಲನೇ ಸಲವೇ ಸಿಕ್ಕಿಬೀಳ್ತದೆ, ಅದಕ್ಕೇ ತೇಲುವುದು ತಂದಿದ್ದೇನೆ ಎಂದು ದೊಡ್ಡಣ್ಣ ಹೇಳಿದ. ಬೆಲೆ 450 ರೂಪಾಯಿ ಅಂತೆ! ನನ್ನ ತಂಗಿಗೆ ಆ ಕೆಂಪು ತಲೆಯದು ಬಹಳ ಇಷ್ಟವಾಯಿತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮಾತಾಡಿಸುತ್ತಿದ್ದಳು. "ಮುಳ್ಳು ಚುಚ್ಚೀತು, ಮುಟ್ಬೇಡ" ಎಂದು ಅಮ್ಮ ಎರಡು ಸಲ ಬೈದಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ದೊಡ್ಡಣ್ಣ ಪಟಾಕಿ ತರಲು ಕುಮಟೆಗೆ ಹೋದ. ಹಬ್ಬವಾದ್ದರಿಂದ ಹೊಳೆಯ ಕಡೆ ಯಾರೂ ಇರಲಿಲ್ಲ. ನಾನು ರಾಡ್ ಮತ್ತು ಆ ಕೆಂಪು ತಲೆಯ ಲೂರ್ ತೆಗೆದುಕೊಂಡು ಗಜನಿ ಕಟ್ಟೆಯ ಮೇಲೆ ಓಡಿದೆ. ಯಾರನ್ನೂ ಕೇಳಲಿಲ್ಲ.

ಅಮಾವಾಸ್ಯೆ, ಹುಣ್ಣಿಮೆಗೆ ಭರತ ಜೋರು. ನಮ್ಮಲ್ಲಿ ಆ ದಿನ ಮಧ್ಯಾಹ್ನದ ಮೊದಲು ನೀರು ಪೂರ್ತಿ ಏರಿ, ಸಂಜೆ ಐದು ಗಂಟೆಯ ಹೊತ್ತಿಗೆ ತಳ ಕಾಣುವಷ್ಟು ಇಳಿಯುತ್ತದೆ. ನಾನು ಹೋದಾಗ ಇಳಿತ ಶುರುವಾಗಿತ್ತು. ಜಂತ್ರಡಿಯ ಒಂದು ಹಲಗೆ ಮುರಿದಿದೆ, ಅದರ ಸಂದಿಯಿಂದ ಗಜನಿಯ ನೀರು ಹೊಳೆಗೆ ಸೂಂಯ್ ಎಂದು ಬರುತ್ತಿತ್ತು. ನೀರಿನ ಜೊತೆ ಶೆಟ್ಲಿ, ಸಣ್ಣ ಮೀನು ಹೊರಗೆ ಬರ್ತವೆ. ಅವನ್ನು ತಿನ್ನಲು ಕುರುಡಿ ಮೀನು ಸೆಳವಿಗೆ ಮುಖ ಮಾಡಿ ಕಾಯ್ತಾ ಇರ್ತದೆ. ಪೇಟೆಯವರು ಇದಕ್ಕೆ ಸೀ ಬಾಸ್ ಎನ್ನುತ್ತಾರೆ. ಕುರುಡಿಯ ಇನ್ನೊಂದು ವಿಚಿತ್ರ ಹೇಳುತ್ತೇನೆ. ಅದು ಮೊದಲು ಗಂಡಾಗಿರುತ್ತದೆ, ಕೆಲವು ವರ್ಷ ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಇದು ಸುಳ್ಳಲ್ಲ, ಅಕ್ಕೋರನ್ನು ಕೇಳಿ ಬರೆದಿದ್ದೇನೆ.

ನಾಲ್ಕೈದು ಸಲ ಎಸೆದೆ. ಒಂದು ಸಲ ನನ್ನ ಅಂಗಿಗೇ ಸಿಕ್ಕಿತು. ಆಮೇಲೆ ಸರಿಯಾಗಿ ಸಂದಿಯ ಹತ್ತಿರ ಬಿತ್ತು. ಎರಡು ಸುತ್ತು ಸುತ್ತಿ ನಿಲ್ಲಿಸಿದೆ. ಲೂರ್ ಮೇಲೆ ಬರುತ್ತಿತ್ತು, ಅಷ್ಟರಲ್ಲಿ ಡಬ್ ಎಂದು ಶಬ್ದವಾಯಿತು. ರಾಡ್ ಬಗ್ಗಿ ಬಿಲ್ಲಾಯಿತು. ರೀಲು ಕಿರ್ರ್ ಎಂದು ದಾರ ಬಿಡತೊಡಗಿತು. ನನಗೆ ಹೆದರಿಕೆಯಾಯಿತು. ದಾರ ಎಲ್ಲ ಹೋದರೆ ದೊಡ್ಡಣ್ಣ ಕೊಲ್ತಾನೆ ಎಂದು ರೀಲಿನ ತಿರುಪನ್ನು ಪೂರ್ತಿ ಬಿಗಿ ಮಾಡಿದೆ. ಮೀನು ಒಮ್ಮೆ ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ಬೆಳ್ಳಿಯ ಥರ ಹೊಳೆಯಿತು. ನಾನು ಅಷ್ಟು ದೊಡ್ಡದನ್ನು ಗಾಳದಲ್ಲಿ ನೋಡಿದ್ದು ಅದೇ ಮೊದಲು. ಅದು ಸೀದಾ ಕಾಂಡ್ಲಾ ಗಿಡದ ಬೇರಿನೊಳಗೆ ಹೋಯಿತು. ಎಳೆದೆ. ಅಲ್ಲಾಡಲಿಲ್ಲ. ಮತ್ತೆ ಎಳೆದೆ, ಟಪ್ ಎಂದು ದಾರ ಹರಿಯಿತು.

ರಾಡನ್ನು ಇದ್ದ ಜಾಗದಲ್ಲೇ ಇಟ್ಟು ಕೈಕಾಲು ತೊಳೆದು ಊಟಕ್ಕೆ ಕುಳಿತೆ. ಊಟವಾದ ಮೇಲೆ ದೊಡ್ಡಣ್ಣ ಡಬ್ಬಿ ತೆಗೆದ. "ಕೆಂಪು ತಲೆಯದು ಎಲ್ಲಿ?" ಅಂದ. ಎಲ್ಲರೂ ತಂಗಿಯ ಮುಖ ನೋಡಿದರು. ಅವಳು "ನಾ ತೆಗೀಲಿಲ್ಲ" ಅಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ಅಮ್ಮ "ನಿನ್ನೆ ಇಡೀ ದಿನ ಹಿಡ್ಕಂಡೇ ಇದ್ದಿದ್ದೆ, ಸುಳ್ಳು ಬೇರೆ ಹೇಳ್ತಿ" ಎಂದು ಬೆನ್ನಿಗೆ ಒಂದು ಕೊಟ್ಟಳು. ಹಬ್ಬದ ದಿನ ಅವಳು ಅಟ್ಟದ ಏಣಿಯ ಕೆಳಗೆ ಕುಳಿತು ಅತ್ತಳು. ನನ್ನ ಬಾಯಿಯಲ್ಲಿ ಮಾತು ಇತ್ತು, ಹೊರಗೆ ಬರಲಿಲ್ಲ. ಆಗ ನಾನು ಹೋಳಿಗೆ ತಿಂದದ್ದು ಸಹ ಗಂಟಲಲ್ಲೇ ಇತ್ತು.

ಸಂಜೆ ನೀರು ಇಳಿದ ಮೇಲೆ ಹುಡುಕಲು ಹೋದೆ. ಕೆಸರು ತೊಡೆಯವರೆಗೆ ಬರುತ್ತಿತ್ತು. ಒಂದು ಕಾಲು ಎತ್ತಿದರೆ ಇನ್ನೊಂದು ಹುಗಿಯುತ್ತದೆ, ಹಾಗಾಗಿ ಕಾಂಡ್ಲಾ ಬೇರುಗಳನ್ನು ಹಿಡಿದುಕೊಂಡೇ ಹೋಗಬೇಕು. ಬೇರಿಗೆ ಅಂಟಿದ ಚಿಪ್ಪು ಕತ್ತಿಯಂತಿರುತ್ತದೆ. ಬಲಗಾಲು ಕೊಯ್ದು ರಕ್ತ ಬಂತು. (ಆ ಗುರುತು ಈಗಲೂ ಇದೆ, ಬೇಕಾದವರು ನೋಡಬಹುದು.) ನನಗೆ ಲೂರಿಗಿಂತ ಆ ಮೀನಿನದೇ ಯೋಚನೆ. ದಾರ ಬೇರಿಗೆ ಸುತ್ತಿಕೊಂಡಿದ್ದರೆ ಅದು ನೀರಿಲ್ಲದೆ ಅಲ್ಲೇ ಸತ್ತು ಬಿದ್ದಿರ್ತದೆ ಅನಿಸಿತ್ತು. ಒಂದೊಂದೇ ಬೇರು ನೋಡುತ್ತಾ ಹೋದೆ. ಹೊತ್ತು ಮುಳುಗಿತು. ಊರಲ್ಲಿ ಪಟಾಕಿ ಶಬ್ದ ಕೇಳುತ್ತಿತ್ತು. ಕೆಸರಿನ ಗೆರೆಯಲ್ಲಿ ನೀರು ಮತ್ತೆ ಮೇಲಕ್ಕೆ ಹರಿಯಲು ಶುರುವಾಗಿತ್ತು, ಭರತ ತಿರುಗಿತ್ತು. ಕಾಲು ಹುಗಿದು ಅಲ್ಲೇ ಉಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಆಗ ಹೊಳೆಯಿತು. ಇನ್ನು ಎರಡೇ ಗಿಡ ನೋಡಿ ಹೋಗ್ತೆ ಎಂದುಕೊಂಡೆ. ಎರಡನೆಯದರಲ್ಲಿ ಹಳದಿ ದಾರ ಕಂಡಿತು.

ದಾರ ಬೇರಿಗೆ ಮೂರು ಸುತ್ತು ಸುತ್ತಿತ್ತು. ಅದರ ತುದಿಯಲ್ಲಿ ಕೆಂಪು ತಲೆ ನೇತಾಡುತ್ತಿತ್ತು. ಮೀನು ಇರಲಿಲ್ಲ. ಬಾಲದ ಗಾಳದ ಎರಡು ಮುಳ್ಳು ಸೂಜಿಯಂತೆ ನೆಟ್ಟಗಾಗಿದ್ದವು. ಇನ್ನೊಂದಕ್ಕೆ ಒಂದು ಹುರುಪೆ ಅಂಟಿತ್ತು, ನನ್ನ ಹೆಬ್ಬೆರಳ ಉಗುರಿಗಿಂತ ದೊಡ್ಡದು.

ದೊಡ್ಡಣ್ಣ ಕೊಟ್ಟಿಗೆಯ ಹತ್ತಿರ ಇದ್ದ. ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ನೋಡಲಿಲ್ಲ, ಮೊದಲು ಆ ನೆಟ್ಟಗಾದ ಮುಳ್ಳನ್ನು ನೋಡಿದ. "ತಿರುಪು ಬಿಗಿ ಮಾಡಿದ್ಯಾ?" ಅಂದ. ಹೌದು ಅಂದೆ. "ಸಣ್ಣ ದಾರದಲ್ಲಿ ದೊಡ್ಡ ಮೀನು ಬಂದ್ರೆ ಓಡೂಕೆ ಬಿಡ್ಬೇಕು ತಮಾ. ಓಡಿ ಓಡಿ ದಣೀಬೇಕು" ಅಂದ. ಆಮೇಲೆ ಕಾಲಿನ ರಕ್ತ ನೋಡಿ, ಒಬ್ಬನೇ ಕೆಸರಿಗೆ ಇಳಿದದ್ದಕ್ಕೆ ಬೈದ. ಕದ್ದದ್ದಕ್ಕೆ ಬೈಯಲಿಲ್ಲ. "ತಂಗಿಗೆ ನೀನೇ ಹೇಳು" ಎಂದಷ್ಟೇ ಹೇಳಿದ. ಹೂಂ ಅಂದೆ.

ಹೇಳಲಿಲ್ಲ. ನಾಳೆ ಹೇಳುವಾ ಎಂದು ಮಾಡಿದೆ. ಮರುದಿನ ಅವಳು ಡಬ್ಬಿಯಲ್ಲಿ ಕೆಂಪು ತಲೆ ನೋಡಿ, "ಅಣ್ಣಾ, ಎಲ್ಲಿ ಸಿಕ್ತು?" ಎಂದು ಕೇಳಿದಳು. ನಾನು "ಮಂಚದ ಅಡಿಗೆ ಇತ್ತು" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಾನೇ ಇಟ್ಟು ಮರ್ತಿದ್ನೇನ" ಅಂದಳು. ಅಮ್ಮನ ಹತ್ತಿರ ಹೋಗಿ "ತಪ್ಪಾಯ್ತು" ಎಂದೂ ಹೇಳಿ ಬಂದಳು.

ದೊಡ್ಡಣ್ಣ ಗೋವಾಕ್ಕೆ ಹೋಗುವಾಗ ಆ ಲೂರಿಗೆ ಹೊಸ ಗಾಳ ಹಾಕಿ ನನಗೇ ಕೊಟ್ಟ. ಅದು ನಮ್ಮ ಮನೆಯ ಗೋಡೆಯ ಮೊಳೆಗೆ ನೇತಾಡುತ್ತಿದೆ. ನಾನು ಒಂದು ಸಲವೂ ನೀರಿಗೆ ಹಾಕಲಿಲ್ಲ.

ತಂಗಿ ಈಗ ನಾಲ್ಕನೆಯ ತರಗತಿ. ಗೋಡೆ ಪತ್ರಿಕೆಯನ್ನು ಅವಳು ಪೂರ್ತಿ ಓದುತ್ತಾಳೆ, ಆದರೆ ಮೇಲಿನ ಸಾಲಿನ ಹಾಳೆಗಳು ಅವಳಿಗೆ ಎಟಕುವುದಿಲ್ಲ. ಇದನ್ನು ಕೆಳಗಿನ ಸಾಲಿನಲ್ಲಿ ಅಂಟಿಸಿ ಎಂದು ಅಕ್ಕೋರನ್ನು ಕೇಳಿದ್ದೇನೆ.

— 7ನೇ ತರಗತಿ