ಶರದೃತುವಿನ ಸಂಚಾರ ಮತ್ತು ದೇಶಾವಕಾಶಿಕ

ವರ್ಷಾಯೋಗವನ್ನು ಪೂರೈಸಿದ ಮುನಿಸಂಘಗಳು ವಿಹಾರಕ್ಕೆ ಹೊರಡುವ ಕಾಲ ಮತ್ತು ಗೃಹಸ್ಥರಾದ ನಾವು ದೀಪಾವಳಿಯ ರಜೆಯಲ್ಲಿ ಮಕ್ಕಳುಮರಿಗಳೊಡನೆ ಕಾರು ಹತ್ತಿ ಮಲೆನಾಡನ್ನು ನೋಡಹೊರಡುವ ಕಾಲ ಒಂದೇ ಆಗಿರುವುದನ್ನು ವಾಚಕರು ಗಮನಿಸಿರಬಹುದು. ಮಳೆ ನಿಂತಿರುತ್ತದೆ, ದಾರಿ ಗಟ್ಟಿಯಾಗಿರುತ್ತದೆ, ಗದ್ದೆಗಳಲ್ಲಿ ಭತ್ತದ ತೆನೆ ಬಾಗಿರುತ್ತದೆ. ಮುನಿಗಳ ನಡಿಗೆಗೆ ಈರ್ಯಾಸಮಿತಿಯ ಕಟ್ಟಳೆಯುಂಟು: ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕು. ನಮ್ಮ ಸಂಚಾರಕ್ಕೆ ಕಟ್ಟಳೆ ಏನು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಮರಗಳನ್ನು ಮುರಿಯುವುದು. ಇಷ್ಟನ್ನು ಹೇಳಿದ ಮೇಲೆ, ವ್ಯರ್ಥವಾಗಿ ಅಲೆಯುವುದನ್ನೂ ಪರರನ್ನು ಅಲೆಸುವುದನ್ನೂ ಅವರು ಅದೇ ಸಾಲಿಗೆ ಸೇರಿಸುತ್ತಾರೆ. ನಲವತ್ತು ವರ್ಷ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನಗೆ ಲಾಭನಷ್ಟದ ಲೆಕ್ಕ ಸುಲಭ, ಪ್ರಯೋಜನದ ಲೆಕ್ಕ ಕಷ್ಟ. ಕಾಡನ್ನು ಕಂಡು ಸಂತೋಷಪಡುವುದು ಪ್ರಯೋಜನವೋ ಅಲ್ಲವೋ?

ಕಳೆದ ಆಷಾಢದಲ್ಲಿ ನಾನು ಚಾತುರ್ಮಾಸದ ಅವಧಿಗೆ ದೇಶಾವಕಾಶಿಕವನ್ನು ಸ್ವೀಕರಿಸಿದ್ದೆ. ಕಾರ್ತಿಕ ಹುಣ್ಣಿಮೆಯವರೆಗೆ ವರದಾ ನದಿಯನ್ನು ದಾಟಿ ಹೋಗುವುದಿಲ್ಲವೆಂಬುದು ಅದರ ಒಂದು ಎಲ್ಲೆ. ಈ ವ್ರತದ ಎಲ್ಲೆಗಳನ್ನು ಮನೆ, ಗ್ರಾಮ, ಹೊಲ, ನದಿ, ಕಾಡು, ಯೋಜನಗಳಿಂದ ಗುರುತಿಸಬೇಕೆಂದು ಆಚಾರ್ಯರು ವಿಧಿಸುತ್ತಾರೆ. ದಿಗ್ವ್ರತದ ಎಲ್ಲೆಗಳಲ್ಲಿ ಸಮುದ್ರವೂ ಬೆಟ್ಟವೂ ಸೇರುತ್ತವೆ. ಇಂದು ನಾವು ಯಾವುದನ್ನು ಪ್ರೇಕ್ಷಣೀಯ ಸ್ಥಳವೆಂದು ಹುಡುಕಿಕೊಂಡು ಹೋಗುತ್ತೇವೆಯೋ ಅದು ವ್ರತದ ಭಾಷೆಯಲ್ಲಿ ನಿಲ್ಲಬೇಕಾದ ಗುರುತು. ಬೆಂಗಳೂರಿನಿಂದ ಬಂದ ಮಗನೂ ಸೊಸೆಯೂ ಕಾಡು ತೋರಿಸಲು ಮಕ್ಕಳನ್ನು ಕರೆದುಕೊಂಡು ಹೊರಟಾಗ, ಎಲ್ಲೆಯ ಒಳಗಿರುವುದನ್ನೇ ನೋಡೋಣವೆಂದು ನಾವು ದಂಪತಿಗಳೂ ಜೊತೆಯಾದೆವು.

ಬಲಿಪಾಡ್ಯಮಿಯ ಮರುದಿನ ಬೆಳಿಗ್ಗೆ ಶಿಕಾರಿಪುರವನ್ನು ಬಿಟ್ಟು ಶಿರಾಳಕೊಪ್ಪದ ಮೇಲೆ ಬಂದಳಿಕೆಗೆ ಹೋದೆವು. ಬಳ್ಳಿಗಾವೆ, ತಾಳಗುಂದಗಳನ್ನು ಮಕ್ಕಳು ಹಿಂದೆಯೇ ನೋಡಿದ್ದರಿಂದ ಅಲ್ಲಿ ಇಳಿಯಲಿಲ್ಲ. ಬಂದಳಿಕೆಯೆಂದರೆ ಶಾಸನಗಳ ಬಂದಣಿಕೆ, ನಾಗರಖಂಡದ ಹಿರಿಯ ತೀರ್ಥ. ಪಾಳುಬಿದ್ದ ಶಾಂತಿನಾಥ ಬಸದಿಯ ಕಂಬಗಳ ನಡುವೆ ನಿಂತು ನಾನು ಮೊಮ್ಮಕ್ಕಳಿಗೆ ಜಕ್ಕಿಯಬ್ಬೆಯ ಕಥೆ ಹೇಳಿದೆ. 10ನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರವನ್ನು ಅರಸನು ಅವನ ಹೆಂಡತಿಗೇ ಕೊಟ್ಟನು. ಆಕೆ ಎಪ್ಪತ್ತು ಹಳ್ಳಿಗಳನ್ನು ಸಮರ್ಥವಾಗಿ ಆಳಿದಳು. ಮೈಗೆ ರೋಗ ಬಂದಾಗ ಮಗಳನ್ನು ಕರೆಸಿ, ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಈ ಬಂದಣಿಕೆಗೆ ಬಂದು ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ನಾವು ಬಂದ ಇದೇ ಸೀಮೆಯ ದಾರಿಯಲ್ಲಿ ಆಕೆಯೂ ಬಂದಿರಬೇಕು. ಎಪ್ಪತ್ತು ಹಳ್ಳಿಯ ಎಲ್ಲೆ ಒಂದು ಊರಾಯಿತು, ಊರು ಬಸದಿಯಾಯಿತು, ಬಸದಿ ಒಂದು ಚಾಪೆಯಷ್ಟು ನೆಲವಾಯಿತು. ಮೊಮ್ಮಗಳು, "ಅಜ್ಜ, ಅವರಿಗೆ ಭಯವಾಗಲಿಲ್ಲವೇ?" ಎಂದು ಕೇಳಿದಳು. ಅರವತ್ತೇಳನೆಯ ವಯಸ್ಸಿನಲ್ಲಿ ಆ ಪ್ರಶ್ನೆ ನನ್ನದೂ ಹೌದು. ಎಲ್ಲೆಯನ್ನು ಸ್ವಲ್ಪಸ್ವಲ್ಪವಾಗಿ ಕಿರಿದುಮಾಡಿಕೊಳ್ಳುವ ಅಭ್ಯಾಸವಿದ್ದವರಿಗೆ ಭಯ ಕಡಿಮೆಯಿರಬಹುದು ಎಂದೆ. ಅವಳಿಗೆ ಅಷ್ಟು ಒಪ್ಪಿಗೆಯಾದಂತೆ ಕಾಣಲಿಲ್ಲ.

ಕುಪ್ಪಟೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 11ನೆಯ ಶತಮಾನದಲ್ಲಿ ಇಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದಾಗ ಅಗ್ರಹಾರದ ಬ್ರಾಹ್ಮಣರು ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರೆಂಬ ಸಂಗತಿಯನ್ನು ಮಾತ್ರ ನಮ್ಮ ಟ್ರಸ್ಟುಗಳ ಹಿರಿಯರು ನೆನಪಿಡಬೇಕು.

ಸೊರಬದ ಬಂಧುಗಳಲ್ಲಿ ಊಟ ಮುಗಿಸಿ ಬನವಾಸಿಯ ಕಡೆ ಹೊರಟಾಗ ಕಾನು ಕಾಣಿಸಿಕೊಂಡಿತು. ಸುತ್ತ ಎಲೆಯುದುರುವ ಕಾಡು, ಗದ್ದೆ, ಹೆಜ್ಜೆಗೊಂದು ಕೆರೆ. ನಡುವೆ ಹಗಲಲ್ಲೂ ಕತ್ತಲೆ ತುಂಬಿದ ನಿತ್ಯಹಸುರಿನ ತುಣುಕು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನಲ್ಲಿ ಇಂಥ 171 ಕಾನುಗಳನ್ನು ಲೆಕ್ಕಹಾಕಿದ್ದರು. ವಿಸ್ತೀರ್ಣ ಸುಮಾರು 13,000 ಹೆಕ್ಟೇರು. ಊರಿನವರು ಅಲ್ಲಿಂದ ಮೆಣಸು ತರುತ್ತಿದ್ದರು, ಬಗನಿಯ ಕಳ್ಳನ್ನೂ ಜೇನನ್ನೂ ತರುತ್ತಿದ್ದರು. ಮದ್ಯ ಮಧುಗಳನ್ನು ತ್ಯಜಿಸಿದ ನಮಗೆ ಅವು ಸಲ್ಲವು, ಆ ಮಾತು ಬೇರೆ. ದೇವರ ಕಾನಿನ ಹಸಿಮರಕ್ಕೆ ಮಾತ್ರ ಕೊಡಲಿ ತಾಗಿಸುತ್ತಿರಲಿಲ್ಲ. ಅಣುವ್ರತದ ಹೆಸರನ್ನೇ ಕೇಳದ ಒಕ್ಕಲುಮಕ್ಕಳೂ ಕಾಡನ್ನು ನಿಲ್ಲುವ ಗುರುತಾಗಿಯೇ ತಿಳಿದಿದ್ದರು. ಇಂದು ಹಲವೆಡೆ ಅಕೇಶಿಯ ತೋಪು ಬಂದಿದೆ, ಶುಂಠಿಯ ಹೊಲ ಕಾಡಿನ ಅಂಚನ್ನು ಒತ್ತಿಕೊಂಡಿದೆ. ಶುಂಠಿಗೆ ಧಾರಣೆ ಬಂದ ವರ್ಷ ನನ್ನ ಅಂಗಡಿಯ ವ್ಯಾಪಾರವೂ ಏರುತ್ತದೆ. ಆದುದರಿಂದ ರೈತರನ್ನು ದೂರಲು ನನ್ನ ನಾಲಿಗೆ ಏಳದು.

ಕಾನಿನ ನೆರಳಿನಲ್ಲಿ ದಾರಿಯುದ್ದಕ್ಕೂ ಚಿಟ್ಟೆಗಳು ಹಾರುತ್ತಿದ್ದವು. ನಿಧಾನವಾಗಿ ನಡೆಸೆಂದು ಮಗನಿಗೆ ಹೇಳಿದೆ. ವೇಗವಾಗಿ ಓಡುವ ಕಾರಿಗೆ ಮುಂದಿನ ನಾಲ್ಕು ಮೊಳ ಎಂಬುದೇ ಇರುವುದಿಲ್ಲ. ಒಂದೆಡೆ ಇಳಿದಾಗ ಮೊಮ್ಮಗ ಹೂಗೊಂಚಲೊಂದನ್ನು ಮುರಿಯಲು ಕೈಚಾಚಿದ. "ಅದರ ಪಾಡಿಗೆ ಅದಿರಲಿ ಮಗೂ" ಎಂದಳು ನನ್ನ ಹೆಂಡತಿ. ಅವನು ಕೈ ಹಿಂದೆಗೆದು, ಸುಮ್ಮನೆ ನಿಂತು ಹತ್ತು ನಿಮಿಷ ಹಕ್ಕಿಯ ದನಿ ಕೇಳಿದ. ಪ್ರಯೋಜನದ ಲೆಕ್ಕದಲ್ಲಿ ಆ ಹತ್ತು ನಿಮಿಷವನ್ನು ನಾನು ಜಮಾ ಬದಿಗೇ ಬರೆಯುತ್ತೇನೆ.

ವರದೆಯ ದಡ ಬಂದಿತು. ಆಚೆ ಬನವಾಸಿ. 941ರಲ್ಲಿ ಆದಿಪುರಾಣವನ್ನು ಬರೆದ ನಮ್ಮ ಪಂಪನು, ಅದೇ ಕಾಲದ ತನ್ನ ಭಾರತದಲ್ಲಿ ಈ ನಾಡಿನ ನಂದನವನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಆಸೆಯನ್ನು ಹೇಳಿಸಿದ್ದಾನೆ. ತಿರ್ಯಂಚಗತಿಯನ್ನು ಬಯಸಿ ಬೇಡುವ ಮಾತನ್ನು ಜೈನಕವಿಯೇ ಬರೆಯಬೇಕಾದರೆ ಈ ಕಾಡಿನ ರಾಗ ಎಷ್ಟಿರಬೇಕು! ಆ ರಾಗ ನನಗಿಲ್ಲವೆಂದರೆ ಸುಳ್ಳಾದೀತು. ಮಗ ಮೆಲ್ಲಗೆ, "ಅಪ್ಪಾಜಿ, ಸೇತುವೆ ದಾಟಿದರೆ ಆಯಿತಲ್ಲ" ಎಂದ. ನಾವಿಬ್ಬರೂ ಈಚೆ ದಡದ ಮರದಡಿಯಲ್ಲಿ ಕುಳಿತೆವು. ಅವರು ತಮ್ಮಿಷ್ಟದಂತೆ ಹೋಗಿಬಂದರು.

ಅಷ್ಟರಲ್ಲಿ ಮೊಮ್ಮಗಳು ಮಧುಕೇಶ್ವರ ದೇವಾಲಯದಿಂದ ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿದಳು. ಎಲ್ಲೆಯ ಆಚೆಗೆ ಆಳನ್ನು ಕಳಿಸುವುದು, ದನಿಗೈಯುವುದು, ಆಚೆಯದನ್ನು ತರಿಸುವುದು, ತನ್ನ ರೂಪವನ್ನು ತೋರುವುದು, ಕಲ್ಲುಮಣ್ಣು ಎಸೆಯುವುದು ಈ ವ್ರತದ ಐದು ಅತಿಚಾರಗಳು. ವಿಡಿಯೊ ಕರೆಯಲ್ಲಿ ದನಿಯೂ ರೂಪವೂ ಒಟ್ಟಿಗೇ ನದಿ ದಾಟುತ್ತವೆ. ನಾನು ಕರೆಯನ್ನು ತೆಗೆದುಕೊಳ್ಳಲಿಲ್ಲ. ಹಿಂದಿರುಗಿದ ಮೇಲೆ ಅವಳೇ ಕಂಬಗಳ ಹೊಳಪನ್ನೂ ಕಲ್ಲಿನ ಮಂಚವನ್ನೂ ಬಾಯಿತುಂಬ ವರ್ಣಿಸಿದಳು. ಫೋಟೋ ಇದ್ದಿದ್ದರೆ ಅಷ್ಟು ಮಾತು ಬರುತ್ತಿರಲಿಲ್ಲ. ಬಳಿಕ ಮುಷ್ಟಿ ಬಿಚ್ಚಿ, ಆಚೆ ದಡದ ನುಣುಪು ಕಲ್ಲೊಂದನ್ನು ನನ್ನತ್ತ ಚಾಚಿದಳು. ನಾನು ತರಿಸಿದ್ದಲ್ಲ, ಆದರೂ ಕೈಯೊಡ್ಡಲಿಲ್ಲ. "ಹುಣ್ಣಿಮೆ ಕಳೆಯುವವರೆಗೆ ನಿನ್ನ ಬಳಿಯೇ ಇರಲಿ, ಆಮೇಲೆ ಕೊಡು" ಎಂದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಬೇಕಾಗಿತ್ತು; ಸೊರಬಕ್ಕೆ ಹಿಂದಿರುಗಿ ಆ ರಾತ್ರಿ ಅಲ್ಲಿಯೇ ತಂಗಿದೆವು.