ಒಣಗಿದ ಬಣ್ಣಕ್ಕೆ ಮತ್ತೆ ನೀರು

ಜಲವರ್ಣ ಕಲಿಯಲು ಹೋದವರಿಗೆ ಮೊದಲ ವಾರದಲ್ಲೇ ಒಂದು ಹೆದರಿಕೆ ಹುಟ್ಟಿಸಿಬಿಡುತ್ತಾರೆ. ಎಣ್ಣೆಬಣ್ಣವಾದರೆ ಕೆರೆದು ಮತ್ತೆ ಬಳಿಯಬಹುದು, ಅಕ್ರಿಲಿಕ್ ಆದರೆ ಮೇಲೊಂದು ಪದರ ಹಾಕಿ ಮುಚ್ಚಬಹುದು, ನೀರಿನ ಬಣ್ಣ ಮಾತ್ರ ಬಿದ್ದದ್ದು ಬಿದ್ದಂತೆಯೇ, ಒಣಗಿದ ಮೇಲೆ ಮುಟ್ಟಲೇಬೇಡಿ ಅಂತ. ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಯಾರೂ ಹೇಳಿಕೊಡದೆ ಇರುವುದರಿಂದ ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೆ, ಬೀರುವಿನ ಮೇಲೆ ಅರೆಬರೆ ಚಿತ್ರಗಳ ಕಟ್ಟು ಧೂಳು ತಿನ್ನುತ್ತಿದೆ. ತಿದ್ದುವ ಧೈರ್ಯವಿಲ್ಲ, ತೋರಿಸುವ ಮನಸ್ಸಿಲ್ಲ. ಆ ಕಟ್ಟುಗಳನ್ನು ಬಿಚ್ಚಿಸಬೇಕೆಂಬುದು ನನ್ನ ಬಹುದಿನದ ಆಸೆ.

ಹೆದರಿಕೆಗೆ ಬಣ್ಣದ ಗುಣವೇ ಉತ್ತರ ಕೊಡುತ್ತದೆ. ಜಲವರ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುವುದು ಗಮ್ ಅರೇಬಿಕ್ ಎಂಬ ಗೋಂದು. ನಮ್ಮ ಜಾಲಿಯ ನೆಂಟನಾದ ಮರದಿಂದ ಒಸರುವ ಅಂಟು ಅದು. ಎಣ್ಣೆಬಣ್ಣ ಗಟ್ಟಿಯಾದರೆ ಮತ್ತೆ ಎಣ್ಣೆಗೆ ಕರಗುವುದಿಲ್ಲ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆಯೇ ಸರಿ. ಗೋಂದು ಮಾತ್ರ ನೀರು ಸೋಕಿದರೆ ಸಡಿಲಗೊಳ್ಳುತ್ತದೆ. ತಟ್ಟೆಯಲ್ಲಿ ಒಣಗಿ ಬಿರುಕು ಬಿಟ್ಟ ಬಣ್ಣಕ್ಕೆ ನಾಲ್ಕು ಹನಿ ಹಾಕಿ ಮತ್ತೆ ಬಳಸುತ್ತೇವಲ್ಲ, ಕಾಗದದ ಮೇಲಿರುವುದೂ ಅದೇ ಬಣ್ಣ. ಮುಟ್ಟಬೇಡಿ ಎಂದು ಹೆದರಿಸುವ ಈ ಮಾಧ್ಯಮವೇ ಒಣಗಿದ ಮೇಲೂ ನಮ್ಮ ಮಾತು ಕೇಳಲು ಸಿದ್ಧವಾಗಿರುತ್ತದೆ.

ಗೋಂದಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಕರಾವಳಿ, ಮಲೆನಾಡಿನ ಕಡೆ ಜಲವರ್ಣ ಬರೆಯುವವರಿಗೆ ಜುಲೈ ತಿಂಗಳು ಬಂದರೆ ಬೂಷ್ಟಿನ ಕಾಟ. ಮುಚ್ಚಿಟ್ಟ ಬಣ್ಣದ ಪೆಟ್ಟಿಗೆ ತೆರೆದರೆ ನೀಲಿಯ ಮೇಲೂ ಬಿಳಿ ಕೂದಲು, ಕಾವಿಯ ಮೇಲೂ ಬಿಳಿ ಕೂದಲು. ಗೋಂದು ಬೂಷ್ಟಿಗೆ ಒಳ್ಳೆಯ ಆಹಾರ. ಪೆಟ್ಟಿಗೆಯನ್ನು ಒದ್ದೆ ಇದ್ದಾಗಲೇ ಮುಚ್ಚದೆ ಒಣಗಲು ಬಿಡಬೇಕು. ಒಂದೆರಡು ಹನಿ ಲವಂಗದೆಣ್ಣೆ ಹಾಕಿಡುವವರೂ ಇದ್ದಾರೆ. ಆ ಕಡೆಯ ಮಳೆಗಾಲದಲ್ಲಿ ಒಂದು ವಾಶ್, ಅಂದರೆ ನೀರಾದ ಬಣ್ಣದ ತೆಳು ಪದರ, ಒಣಗುವಷ್ಟರಲ್ಲಿ ಊಟ ಮುಗಿಸಿ ಬರಬಹುದು. ಏಪ್ರಿಲ್‌ನ ಕಲಬುರಗಿಯಲ್ಲಿ ಕುಂಚ ಕಾಗದದ ಆ ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿ ಅಂಚು ಕಟ್ಟಿಕೊಂಡಿರುತ್ತದೆ. ವಿದೇಶದ ಪುಸ್ತಕ ನೋಡಿ ಇಷ್ಟು ನಿಮಿಷ ಕಾಯಿರಿ ಎಂದು ಲೆಕ್ಕ ಹಾಕುವವರು ಮೊದಲು ತಮ್ಮೂರಿನ ಗಾಳಿಯನ್ನು ಕೇಳಬೇಕು.

ಎಲ್ಲ ಬಣ್ಣವೂ ಒಂದೇ ಸಮ ಮಾತು ಕೇಳುವುದಿಲ್ಲ. ಅಲ್ಟ್ರಾಮರೀನ್ ನೀಲಿಯ ಕಣ ದೊಡ್ಡದು. ಕಾಗದದ ಗುಳಿಗಳಲ್ಲಿ ಕೂತಿರುತ್ತದೆ, ಒದ್ದೆ ಕುಂಚದಿಂದ ಉಜ್ಜಿ ಬಟ್ಟೆ ಒತ್ತಿದರೆ ಬಹುಪಾಲು ಎದ್ದು ಬರುತ್ತದೆ. ಥೇಲೋ ನೀಲಿಯ ಕಣ ಬಲು ಸಣ್ಣದು. ಅದು ಕಾಗದದ ನಾರಿಗೇ ಇಳಿದು ಕಲೆ ಕಟ್ಟುತ್ತದೆ, ಉಜ್ಜಿದಷ್ಟೂ ಕಾಗದ ಸವೆಯುತ್ತದೆ ಹೊರತು ನೀಲಿ ಕದಲುವುದಿಲ್ಲ. ಅಲಿಜರಿನ್ ಕೆಂಪಿಗೂ ಈ ಹಟವಿದೆ. ಕಾಗದದ್ದೂ ಅದೇ ಕಥೆ. ಅಂಗಡಿಯ ಸಾಮಾನ್ಯ ಡ್ರಾಯಿಂಗ್ ಹಾಳೆಗೆ ಎರಡನೆಯ ಸಲ ನೀರು ತಾಗಿದರೆ ಸಿಪ್ಪೆ ಏಳುತ್ತದೆ. ಹತ್ತಿಯ 300 ಜಿಎಸ್‌ಎಂ ಹಾಳೆಯಾದರೆ ನಲ್ಲಿಯ ಕೆಳಗೆ ಹಿಡಿದರೂ ತಡೆಯುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ಕಲಿಯುವವರಿಗೆ ಅಗ್ಗದ ಕಾಗದ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿದ್ದಲು ಅವಕಾಶ ಬೇಕಾಗಿರುವುದು ಕಲಿಯುವವರಿಗೇ. ಹತ್ತು ಕಳಪೆ ಹಾಳೆ ಕೊಳ್ಳುವ ದುಡ್ಡಿನಲ್ಲಿ ಎರಡು ಒಳ್ಳೆಯ ಹಾಳೆ ತಂದು, ಕತ್ತರಿಸಿ ಸಣ್ಣದು ಮಾಡಿಕೊಂಡು, ಎರಡೂ ಬದಿ ಬಳಸುವುದು ಮೇಲು.

ನಮ್ಮ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಕೆಲಸದಿಂದ ಬಿಡುಗಡೆಯಾದ ಮೇಲೆ ಬಣ್ಣ ಹಿಡಿದವರು. ಲಾಲ್‌ಬಾಗಿನ ಹಳೆಯ ಬಿಳಿ ಬೂರುಗದ ಮರ ಅವರ ಅಚ್ಚುಮೆಚ್ಚು. ಒಂದು ಬೆಳಿಗ್ಗೆ ಅಲ್ಲೇ ಮಡಿಚುವ ಸ್ಟೂಲ್ ಹಾಕಿಕೊಂಡು ಕೂತು ಬರೆದು ಮುಗಿಸಿದರು. ಹಿಂದೆ ನಿಂತು ನೋಡುತ್ತಿದ್ದ ಮಾಲಿಯನ್ನು, "ಏನಪ್ಪಾ, ಹೆಂಗಿದೆ?" ಎಂದು ಕೇಳಿದರು.

"ಚೆನ್ನಾಗೈತೆ ಸಾರ್. ಆದ್ರೆ ಮರ ನೆಲ ಕಚ್ಕೊಂಡಿಲ್ಲ ಸಾರ್. ಕುಂಡದಲ್ಲಿ ನೆಟ್ಟಂಗೈತೆ."

ಮೇಷ್ಟ್ರು ತಲೆಯೆತ್ತಿ ಮರ ನೋಡಿದರು, ಚಿತ್ರ ನೋಡಿದರು. ಆ ಮರದ ಬುಡ ಕಂಬದಂತೆ ನೆಲಕ್ಕಿಳಿಯುವುದಲ್ಲ. ಮನುಷ್ಯರು ಮರೆಯಾಗುವಷ್ಟು ಎತ್ತರದ ಆನಿಕೆ ಬೇರುಗಳು ಗೋಡೆ ಗೋಡೆಯಾಗಿ ಹರಡಿವೆ, ಒಂದೊಂದು ಗೋಡೆಯ ನಡುವೆ ಕತ್ತಲು. ಅದನ್ನು ದಿನಾ ಗುಡಿಸುವವನಿಗೆ ಮರವೆಂದರೆ ಮೊದಲು ಬೇರು. ಮನೆಗೆ ಬಂದ ಮೇಷ್ಟ್ರು ಆ ಹಾಳೆಯನ್ನೇ ಮುಂದಿಟ್ಟುಕೊಂಡರು. ಕಾಂಡಕ್ಕೆ ಹಾಕಿದ್ದು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸಿದ ಬೂದು, ಎದ್ದು ಬರುವ ಜಾತಿ. ಗಟ್ಟಿ ಕೂದಲಿನ ಚಪ್ಪಟೆ ಬ್ರಷ್ಷನ್ನು ಶುದ್ಧ ನೀರಿಗೆ ಅದ್ದಿ, ಹಿಂಡಿ, ಬುಡದಲ್ಲಿ ಬೇರು ಹರಿದಿರುವ ದಿಕ್ಕಿಗೇ ಎಳೆದರು. ಅರೆಕ್ಷಣ ಬಿಟ್ಟು ಹಳೆಯ ಪಂಚೆಯ ತುಂಡನ್ನು ಒತ್ತಿದರು, ಒರೆಸಲಿಲ್ಲ. ಬಟ್ಟೆಗೆ ಬೂದು ಹತ್ತಿತು, ಕಾಗದದಲ್ಲಿ ಬೆಳಕಿನ ಪಟ್ಟೆಯೊಂದು ಎದ್ದಿತು. ಅದರ ಪಕ್ಕ ಇನ್ನೊಂದು. ಎರಡರ ನಡುವೆ ಉಳಿದ ಕಪ್ಪೇ ನೆರಳಾಯಿತು. ಹಿನ್ನೆಲೆಯ ಹಸಿರಿನಲ್ಲಿ ಥೇಲೋ ಬೆರೆತಿದ್ದರಿಂದ ಅದು ಕದಲಲಿಲ್ಲ. ಅದನ್ನು ಅವರು ಹಾಗೆಯೇ ಬಿಟ್ಟರು. ಹೊಸದಾಗಿ ಒಂದು ಹನಿ ಬಣ್ಣ ಹಾಕದೆ, ಇದ್ದದ್ದನ್ನು ತೆಗೆಯುತ್ತಲೇ ಮರವನ್ನು ನೆಲಕ್ಕೆ ಊರಿದ್ದನ್ನು ಪಕ್ಕದಲ್ಲಿ ಕೂತು ಕಣ್ಣಾರೆ ನೋಡಿದೆ.

ಹೀಗೆ ಉಜ್ಜುವುದು, ಕೆರೆಯುವುದು ಕಲಿಯುವವರ ಕಸರತ್ತು, ದೊಡ್ಡವರು ಒಂದೇ ಏಟಿಗೆ ಬರೆದು ಏಳುತ್ತಾರೆ ಎಂದುಕೊಂಡವರು ಇಂಗ್ಲೆಂಡಿನ ಟರ್ನರ್‌ನನ್ನು ನೆನೆಯಬೇಕು. 1818ರಲ್ಲಿ ಯಾರ್ಕ್‌ಶೈರಿನ ಫಾರ್ನ್‌ಲಿ ಹಾಲ್ ಎಂಬ ಮನೆಯಲ್ಲಿ ಅತಿಥಿಯಾಗಿದ್ದಾಗ, ಸಾಮಾನು ತುಂಬಿಸಿಕೊಳ್ಳುತ್ತಿರುವ ಯುದ್ಧನೌಕೆಯ ಚಿತ್ರವನ್ನು ಒಂದು ಬೆಳಗಿನಲ್ಲಿ ಬರೆದ. ಪಕ್ಕದಲ್ಲಿ ಕೂತು ನೋಡಿದವನು ಆ ಮನೆಯ ಹುಡುಗ. ಟರ್ನರ್ ಮೊದಲು ಕಾಗದ ತೊಯ್ದು ತೊಪ್ಪೆಯಾಗುವಷ್ಟು ಬಣ್ಣದ ನೀರು ಸುರಿದನಂತೆ. ಆಮೇಲೆ ಉಜ್ಜಿದ, ಉಗುರಿನಲ್ಲಿ ಕೆರೆದ, ಹರಿದ. ಎಲ್ಲ ಕಲಸುಮೇಲೋಗರವಾಯಿತು ಎನ್ನುವ ಹೊತ್ತಿಗೆ ನಿಧಾನವಾಗಿ ಹಡಗು ಮೇಲೆದ್ದು ಬಂತು. ಹಡಗಿನ ಹಗ್ಗ, ಅಲೆಯ ನೊರೆ ಎಲ್ಲವೂ ಆ ಗಲಿಬಿಲಿಯೊಳಗಿಂದಲೇ ಹುಟ್ಟಿದವು.

ನಮ್ಮ ಮನೆಗೆ ಹತ್ತಿರದ ಕಥೆ ಕಲ್ಕತ್ತೆಯದು. 1903ರಲ್ಲಿ ಜಪಾನಿನಿಂದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ ಎಂಬ ಇಬ್ಬರು ಕಲಾವಿದರು ಟಾಗೋರ್ ಮನೆತನದ ಅತಿಥಿಗಳಾಗಿ ಬಂದರು. ತೈಕಾನ್ ಚಿತ್ರದ ಮೇಲೆ ನೀರಿನ ಕುಂಚ ಆಡಿಸುವುದನ್ನು ಅವನೀಂದ್ರನಾಥ ಟಾಗೋರ್ ಗಮನಿಸಿ ನೋಡಿದರು, ಮುಂದೆ ತಮ್ಮದೇ ವಾಶ್ ಪದ್ಧತಿ ಕಟ್ಟಿದರು. ಬರೆದ ಚಿತ್ರವನ್ನು ಹಾಗೆಯೇ ನೀರಿನಲ್ಲಿ ಮುಳುಗಿಸುವುದು. ಬಿಡುವ ಬಣ್ಣ ಬಿಡಲಿ, ಉಳಿಯುವುದು ಉಳಿಯಲಿ. ಒಣಗಿಸಿ ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಪದರ ಪದರವಾಗಿ ಮಂಜು ಕವಿದಂಥ ಮೃದುತ್ವ ಬರುವವರೆಗೆ. ತಿದ್ದುವುದನ್ನೇ ಚಿತ್ರ ಬರೆಯುವ ಕ್ರಮವಾಗಿಸಿಕೊಂಡ ಪದ್ಧತಿ ಇದು.

ಈ ಪದ್ಧತಿಯನ್ನು ಅವನೀಂದ್ರನಾಥರ ಬಳಿಯೇ ಕಲಿತು ಬಂದವರು ಮೈಸೂರಿನ ಅರಮನೆಯ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರು. ನಂದಲಾಲ್ ಬೋಸ್ ಅವರ ಸಹಪಾಠಿ. ಆದರೆ ವೆಂಕಟಪ್ಪನವರು ಗುರುವಿನ ಮಂಜಿನಲ್ಲೇ ಉಳಿಯಲಿಲ್ಲ. ಮುಂದೆ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಬರೆದಾಗ ಬೆಟ್ಟದ ನಿಜವಾದ ಮಂಜು, ನಿಜವಾದ ಬೆಳಗು ಅವರ ಹಾಳೆಗೆ ಬಂತು. ಇದೇ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಸಂಗೀತಗಾರರು ಒಂದೇ ಸಾಲನ್ನು ನೆರವಲಿಗೆ ಎತ್ತಿಕೊಂಡು ಹತ್ತು ಬಗೆಯಲ್ಲಿ ಹಾಡಿದರೆ ನಾವು ತಲೆದೂಗುತ್ತೇವೆ. ಚಿತ್ರಗಾರನೊಬ್ಬ ಒಂದೇ ಮರವನ್ನು ಮತ್ತೆ ಮತ್ತೆ ಬರೆದರೆ ಮಾತ್ರ, "ಇದನ್ನೇ ಅಲ್ವಾ ಹೋದ ತಿಂಗಳೂ ಬರೆದದ್ದು?" ಎಂದು ಕೇಳುತ್ತೇವೆ. ಇದು ನನಗೆ ಬೇಸರದ ಸಂಗತಿ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ರುಮಾಲೆ ಚನ್ನಬಸವಯ್ಯನವರು ಎಷ್ಟು ಸಲ ಬರೆದರೂ ಅವರಿಗೆ ಸಾಕೆನಿಸಲಿಲ್ಲ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಕಂಡು ನಡುವಯಸ್ಸಿನಲ್ಲಿ ಮತ್ತೆ ಕುಂಚ ಹಿಡಿದವರು ಅವರು. ತಡವಾಯಿತು ಎಂದು ಕೈಕಟ್ಟಿ ಕೂತವರಿಗೆ ನಾನು ಮೊದಲು ಹೇಳುವ ಹೆಸರು ಅವರದೇ.

ತೋರಿಸುವ ವಿಚಾರಕ್ಕೆ ಬರೋಣ. ಚಿತ್ರ ಪೂರ್ತಿಯಾಗಲಿ, ಆಮೇಲೆ ತೋರಿಸೋಣ ಎಂದು ಕಾಯುವವರೇ ಹೆಚ್ಚು. ನನ್ನ ಪ್ರಕಾರ ತೋರಿಸಬೇಕಾದದ್ದು ಇನ್ನೂ ತಿದ್ದಲು ಸಾಧ್ಯವಿರುವಾಗಲೇ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದನ್ನು ತೋರಿಸಿದರೆ ಬಂದವರು ಹೊಗಳದೆ ಇನ್ನೇನು ಮಾಡಿಯಾರು? ಹಾಗೆಯೇ, ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರ ಬರುವುದು ಸೌಜನ್ಯ. ಅದರಿಂದ ಚಿತ್ರಕ್ಕೆ ಪ್ರಯೋಜನವಿಲ್ಲ. ಕೇಳುವುದನ್ನು ಸ್ವಲ್ಪ ಬದಲಿಸಿ ನೋಡಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಇದು ಬೆಳಿಗ್ಗೆಯೋ ಸಂಜೆಯೋ? ಈ ಹೆಂಗಸು ಎಷ್ಟು ದೂರದಲ್ಲಿ ನಿಂತ ಹಾಗಿದೆ? ಚಿತ್ರಕಲೆಯ ಗಂಧಗಾಳಿ ಇಲ್ಲದ ಅಜ್ಜಿಯೂ ಇದಕ್ಕೆ ಖಚಿತವಾಗಿ ಉತ್ತರಿಸುತ್ತಾರೆ. ನೀವು ಸಂಜೆ ಎಂದು ಬರೆದದ್ದು ಅವರಿಗೆ ನಡುಮಧ್ಯಾಹ್ನ ಎಂದು ಕಂಡರೆ ಎಲ್ಲಿ ಕೈಯಿಡಬೇಕೆಂದು ಗೊತ್ತಾಯಿತಲ್ಲ. ಪೂರ್ತಿ ಒಣಗಿದ ಮೇಲೆ ತೆಳುವಾದ ಹಳದಿಯ ಒಂದು ಪದರ ಎಳೆದರೆ ಹೊತ್ತೇ ಬದಲಾದೀತು.

ಫೋಟೊ ತೆಗೆದು ಕಳಿಸುವವರಿಗೆ ಒಂದು ಮಾತು: ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಸೊಟ್ಟಗಾದ ಹಾಳೆಯನ್ನು ಪುಸ್ತಕದಡಿ ಒತ್ತಿ ಸಪಾಟು ಮಾಡಿ ತೆಗೆಯಿರಿ. ಆದರೂ ಕಣ ಕಣವಾಗಿ ಕೂತ ಅಲ್ಟ್ರಾಮರೀನಿನ ಸೊಗಸು ಫೋನಿನ ಪರದೆಗೆ ಅಷ್ಟಾಗಿ ಬರುವುದಿಲ್ಲ. ಹಾಳೆಯನ್ನೇ ಕೈಗೆ ಕೊಡುವಷ್ಟು ಸುಖ ಯಾವುದರಲ್ಲೂ ಇಲ್ಲ.

ಅದಕ್ಕೇ ನನಗೆ ಅರ್ಬನ್ ಸ್ಕೆಚರ್ಸ್ ಬಳಗದವರ ಪದ್ಧತಿ ತುಂಬ ಹಿಡಿಸಿದ್ದು. ಊರಿನ ಒಂದು ಜಾಗದಲ್ಲಿ ಸೇರಿ ಬರೆಯುವುದು, ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಪುಸ್ತಕ ತೆರೆದು ನೆಲದ ಮೇಲೆ ಸಾಲಾಗಿ ಇಡುವುದು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು ಹತ್ತು ಜನ ಬರೆದರೆ ಹತ್ತು ಬಗೆಯ ಕೆಂಪು. ಬಲ್ಲವರ ಹಾಳೆಯ ಪಕ್ಕ ಶಾಲೆಯ ಹುಡುಗಿಯ ಹಾಳೆ. ನಾಲ್ಕು ಗಂಟೆ ತಲೆಕೆಡಿಸಿಕೊಂಡ ನೆರಳನ್ನು ಪಕ್ಕದವರು ಒಂದೇ ಎಳೆತದಲ್ಲಿ ಮುಗಿಸಿರುವುದು ಕಂಡಾಗ ಆಗುವ ಪಾಠವನ್ನು ಯಾವ ತರಗತಿಯೂ ಕೊಡಲಾರದು.

ಬೆಂಗಳೂರಿನ ಚಿತ್ರಸಂತೆ ಇದರದ್ದೇ ಮಹಾರೂಪ. ಅದನ್ನು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತದೆ. ಸಾವಿರಕ್ಕೂ ಮಿಕ್ಕಿ ಕಲಾವಿದರು ರಸ್ತೆಯ ಇಕ್ಕೆಲದಲ್ಲೂ ತಮ್ಮ ಕೆಲಸ ಹರಡುತ್ತಾರೆ. ಕೊಳ್ಳುವವರ ಗದ್ದಲದಲ್ಲಿ ಒಂದು ಸಂಗತಿ ಕಾಣದೆ ಹೋಗುತ್ತದೆ: ಅಷ್ಟು ಜನ ಕಲಾವಿದರನ್ನು ಕೈಗೆಟಕುವ ದೂರದಲ್ಲಿ ಮಾತನಾಡಿಸಬಹುದು. ಇದು ಯಾವ ಕಾಗದ, ಈ ಬಿಳಿಯನ್ನು ಬಿಟ್ಟಿರಾ ಅಥವಾ ಕೆರೆದಿರಾ ಎಂದು ಕೇಳಿದರೆ ಬಹಳ ಮಂದಿ ಮಾರಾಟ ಮರೆತು ವಿವರಿಸಲು ನಿಂತುಬಿಡುತ್ತಾರೆ.

ಮೇಷ್ಟ್ರು ಬೂರುಗದ ಮರವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆದರು. ಈ ಸಲ ಬೇರಿನಿಂದಲೇ ಶುರು. ಬೆಳಕಿನ ಪಟ್ಟೆಗಳನ್ನು ಕಾಗದದ ಬಿಳಿಯಾಗಿ ಮೊದಲೇ ಉಳಿಸಿಕೊಂಡರು. ಹಸಿರಿನಿಂದ ಥೇಲೋ ಹೊರಗೆ. ಈಗ ತಿದ್ದಿದ ಹಾಳೆ, ಹೊಸ ಹಾಳೆ ಎರಡನ್ನೂ ಜೊತೆಗಿಟ್ಟೇ ಬಂದವರಿಗೆ ತೋರಿಸುತ್ತಾರೆ. ಮೇಷ್ಟ್ರಿಗೆ ಹೊಸದು ಇಷ್ಟ, ಲೆಕ್ಕ ಸರಿಬಂದಿದೆ ಎನ್ನುತ್ತಾರೆ. ಅವರ ಮನೆಯವರಿಗೆ ಹಳೆಯದೇ ಸೈ. ನಾನೂ ಅವರ ಕಡೆಗೇ. ಹೊಸದರಲ್ಲಿ ಬೇರು ಸ್ವಚ್ಛವಾಗಿದೆ, ಬೆಳಕು ಚೆಲುವಾಗಿದೆ; ಆದರೆ ಉಜ್ಜಿ ಎಬ್ಬಿಸಿದ ಕಾಗದದ ಆ ತರಿ, ಹಳೆಯ ತೊಗಟೆಯ ಒರಟು, ಅದರಲ್ಲಿಲ್ಲ. ಹಾಗಂತ ಹೇಳಿದೆ. ಬುಡಕ್ಕೆ ಮೊದಲೇ ಗಾಢ ಬೂದು ಹಾಕಿ, ಒಣಗಲು ಬಿಟ್ಟು, ಬೇರುಗಳನ್ನು ಅದರಿಂದಲೇ ಎತ್ತಿ ತೆಗೆದರೆ ಹೇಗೆ ಎಂದು ಮೇಷ್ಟ್ರು ಕೇಳಿದರು. ಅದಕ್ಕೆಂದು ಹತ್ತಿ ಕಾಗದವನ್ನು ಕತ್ತರಿಸಿ ಹಲಗೆಗೆ ಟೇಪ್ ಹಚ್ಚಿಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗುವುದೆಂದಾಗಿದೆ.